ಮಾಡಪ್ಪನ ಬೆನ್ನಿಗೆ ಅಂಟಿಸಿದ ಚೀಟಿ

ಒಂದಾನೊಂದು ಊರಿನಲ್ಲಿ ಅಂತ ಶುರು ಮಾಡಬೇಕು, ಮಾಡುತ್ತೇನೆ. ಆದರೆ ಆ ಊರು ಸೋಮವಾರಕ್ಕೊಮ್ಮೆ ಸತ್ತು ಸೋಮವಾರಕ್ಕೊಮ್ಮೆ ಹುಟ್ಟುತ್ತಿತ್ತು. ಹಾಗಾಗಿ ಅದು ಒಂದು ಊರೋ ಐನೂರು ಊರೋ ನನಗೆ ಗೊತ್ತಿಲ್ಲ. ನಾನು ಹೇಳುವುದರಲ್ಲಿ ಸುಳ್ಳಿದ್ದರೆ ನಿಮ್ಮ ಎಡಗಿವಿ ಕಳಚಿಕೊಂಡು ಓಡಿಹೋಗಲಿ. ಮುಟ್ಟಿ ನೋಡಿಕೊಳ್ಳಿ. ಇದೆಯಾ? ಹಾಗಾದರೆ ಕೇಳಿ.

ಆ ಊರಿಗೆ ಅಳತೇಂದ್ರ ಅಂತ ಒಬ್ಬ ಮಹಾರಾಜ. ಅವನಿಗೆ ಅಕ್ಷರ ಬರುತ್ತಿರಲಿಲ್ಲ, ಅಳತೆ ಮಾತ್ರ ಬರುತ್ತಿತ್ತು. ಸೊಂಟದಲ್ಲಿ ಕತ್ತಿಯ ಬದಲು ಒಂದು ಅಳತೆಕಡ್ಡಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಅನ್ನ ಉಣ್ಣುವ ಮೊದಲು ತುತ್ತು ಅಳೆಯುತ್ತಿದ್ದ. ರಾಣಿ ನಕ್ಕರೆ ನಗು ಅಳೆಯುತ್ತಿದ್ದ, ಒಂದು ನೂಲು ಓರೆಯಿದ್ದರೆ ಮತ್ತೆ ನಗಿಸುತ್ತಿದ್ದ. ಪಾಪ, ಅವಳು ಕೊನೆಗೆ ನಗುವುದನ್ನೇ ಬಿಟ್ಟಳು.

ಈ ರಾಜ ಒಂದು ಹಲಗೆಯ ಮೇಲೆ ಜೇಡಿಮಣ್ಣಿನಲ್ಲಿ ತನ್ನ ಊರನ್ನೇ ಬೊಂಬೆ ಊರಾಗಿ ಮಾಡಿಸಿದ. ಮನೆಗೊಂದು ಬೊಂಬೆ ಮನೆ, ಆಳಿಗೊಂದು ಬೊಂಬೆ ಆಳು, ಹಸುವಿಗೊಂದು ಬೊಂಬೆ ಹಸು. ಒಂದು ಗೆರೆಯೂ ಸೊಟ್ಟಗಿರಲಿಲ್ಲ. ರಾಜ ಹಲಗೆ ನೋಡಿ ಹಿಗ್ಗಿದ. ಆಮೇಲೆ ಕಿಟಕಿಯಿಂದ ಊರು ನೋಡಿದ. ಊರಿನ ಗೋಡೆಯಲ್ಲಿ ಬಿರುಕು, ಮೆಟ್ಟಿಲ ಮೇಲೆ ಪಾಚಿ, ಒಬ್ಬ ಮುದುಕನ ಬೆನ್ನು ಗೂನು. ಬೊಂಬೆ ಊರಿನಲ್ಲಿ ಇದ್ಯಾವುದೂ ಇಲ್ಲ. ರಾಜ ಮೂರು ದಿನ ಅತ್ತ. ನಾಲ್ಕನೆಯ ದಿನ ಊರಿನ ಬಡಗಿಗಳನ್ನೆಲ್ಲ ಕೂಡಿಹಾಕಿ ಮಾಡಪ್ಪನನ್ನು ಮಾಡಿಸಿದ.

ಮಾಡಪ್ಪ ಅಂದರೆ ಮರದ ದೈತ್ಯ. ಕೋಟೆ ಬಾಗಿಲಷ್ಟು ಎತ್ತರ. ನಲವತ್ತು ಕೈ, ಎರಡು ಕಣ್ಣು, ಕಿವಿ ಇಲ್ಲ, ಹೊಟ್ಟೆ ಇಲ್ಲ. ಅವನ ಕೆಲಸ ಒಂದೇ. ಸೋಮವಾರ ನಡು ಮಧ್ಯಾಹ್ನ ಅವನು ಹಲಗೆ ನೋಡುತ್ತಾನೆ. ಊರೆಲ್ಲ ಬೂದಿಯಾಗುತ್ತದೆ. ಹಲಗೆ ಇಟ್ಟ ಕಲ್ಲುಮಂಟಪ ಒಂದು ಉಳಿಯುತ್ತದೆ. ಆಮೇಲೆ ಮೂಡಣ ಕಡೆಯಿಂದ ಶುರು ಮಾಡಿ ಪಡುವಣ ಕಡೆಗೆ, ಹಲಗೆಯಲ್ಲಿ ಇದ್ದ ಹಾಗೆ, ಊರನ್ನು ಮತ್ತೆ ಮಾಡುತ್ತಾ ಹೋಗುತ್ತಾನೆ. ಅನ್ನ ಬೇಯುವಷ್ಟರಲ್ಲಿ ಮುಗಿಯುತ್ತದೆ. ಊರಿನವರಿಗೆ ಒಂದು ಸೀನು ಬಂದ ಹಾಗೆ ಆಗುತ್ತದೆ, ಅಷ್ಟೇ. ನಡುವೆ ಅರಮನೆಯ ಮುಂದೆ ಮಾಡಪ್ಪನದ್ದೂ ಒಂದು ಬೊಂಬೆ ಇತ್ತು. ಅಲ್ಲಿಗೆ ಬಂದಾಗ ಅವನು ತನ್ನನ್ನೂ ಹೊಸದಾಗಿ ಮಾಡಿಕೊಳ್ಳುತ್ತಿದ್ದ. ಹಳೆಯವನು ಉದುರುತ್ತಿದ್ದ, ಹೊಸಬ ಅದೇ ಕೆಲಸ ಮುಂದುವರಿಸುತ್ತಿದ್ದ.

ಮೊದಲ ಸೋಮವಾರವೇ ಊರಿನ ಕೆರೆ ಮಾಯವಾಯಿತು. ಯಾಕೆಂದರೆ ಬೊಂಬೆ ಊರಿನಲ್ಲಿ ಕೆರೆ ಇಡಲು ಮರೆತಿದ್ದರು. ಜೇಡಿಮಣ್ಣು ಸಿಗುತ್ತಿದ್ದುದು ಆ ಕೆರೆಯಲ್ಲೇ. ಕೋಟೆಯಾಚೆಯ ಹೊಲ, ದಾರಿ, ನೆಂಟರ ಊರು ಎಲ್ಲ ಮಾಯವಾದವು. ಹಲಗೆ ಕೋಟೆಗೇ ಮುಗಿದಿತ್ತಲ್ಲ. ಇನ್ನು ಮನೆಗಳ ಕತೆ ಕೇಳಿ. ಬೊಂಬೆ ಮನೆಗೆ ಬಾಗಿಲನ್ನು ಬಣ್ಣದಲ್ಲಿ ಬರೆದಿದ್ದರು. ಮಾಡಪ್ಪ ಬಣ್ಣದ ಬಾಗಿಲನ್ನೇ ಮಾಡಿದ. ಒಳಗಿದ್ದವರು ಒಳಗೇ ಉಳಿದರು. ಬಡಿದರು, ಕೂಗಿದರು, ಗುರುವಾರದ ಹೊತ್ತಿಗೆ ಸತ್ತರು. ಸೋಮವಾರ ಮಾಡಪ್ಪ ಮತ್ತೆ ಮಾಡಿದ. ಅವರು ಎದ್ದರು, ಬಾಗಿಲಿಗೆ ಕೈ ಹಾಕಿದರು, ಬಣ್ಣ ಕೈಗೆ ಹತ್ತಿತು, ಮತ್ತೆ ಸತ್ತರು. ನಾಲ್ಕು ಸಲ ಸತ್ತ ಮೇಲೆ ರಾಜನಿಗೆ ದೂರು ಹೋಯಿತು.

ರಾಜ ಹೋಗಿ ಮಾಡಪ್ಪನನ್ನು ಕೇಳಿದ. ಕಿವಿ ಇಲ್ಲದವನು ಏನು ಹೇಳಿಯಾನು? ಅವನಿಗೆ ಬರುತ್ತಿದ್ದುದು ಒಂದೇ ಮಾತು.

"ಚೀಟಿ?" ಅಂದ.

ಓಹೋ, ಇವನಿಗೆ ಬರೆದು ಹೇಳಬೇಕು ಅಂತ ಆಗ ತಿಳಿಯಿತು. ಊರಿನಲ್ಲಿ ಬರೆಯಲು ಬರುತ್ತಿದ್ದವಳು ಒಬ್ಬಳೇ, ಚಿಕ್ಕೀರಮ್ಮ. ಕ್ಷೌರದ ಮೂಗಯ್ಯನ ಹೆಂಡತಿ. ಮೂಡಣ ಬಾಗಿಲ ಬಳಿ ಅವಳ ಮನೆ. ಅವಳು ಹುಣಸೆಬೀಜದ ಅಂಟು ಕಾಯಿಸಿ, ಉಗುರಗಲದ ಚೀಟಿ ಬರೆದು, ಬೊಂಬೆಗಳಿಗೆ ಅಂಟಿಸತೊಡಗಿದಳು. "ಬಾಗಿಲು. ತೆರೆಯುತ್ತದೆ." ಮುಂದಿನ ಸೋಮವಾರ ಬಾಗಿಲುಗಳೆಲ್ಲ ತೆರೆದವು. ಒಂದೂ ಮುಚ್ಚಲಿಲ್ಲ. "ಬಾವಿ. ನೀರಿದೆ." ಎಷ್ಟು ಅಂತ ಬರೆದಿರಲಿಲ್ಲ, ನೀರು ಉಕ್ಕಿ ತಗ್ಗಿನ ಕೇರಿ ಶನಿವಾರದವರೆಗೆ ತೇಲಿತು. "ಹಸು. ಹಾಲು ಕೊಡುತ್ತದೆ." ಕೊಟ್ಟಿತು. ಹಗಲೂ ರಾತ್ರಿ ಕೊಟ್ಟಿತು. ಬುಧವಾರಕ್ಕೆ ಚಕ್ಕಳವಾಗಿ ಚಿಕ್ಕೀರಮ್ಮನ ಹಿತ್ತಲಿಗೆ ಬಂದು ನಿಂತಿತು.

"ಅಮ್ಮಾ," ಅಂದಿತು ಹಸು, "ನಿಲ್ಲಿಸುತ್ತದೆ ಅಂತಲೂ ಒಂದು ಪದ ಬರೆಯಬಾರದಾಗಿತ್ತೇ?"

ಬರೆಯಬಹುದಿತ್ತು. ಆದರೆ ಅಷ್ಟರಲ್ಲಿ ರಾಜ ಹಲಗೆ ನೋಡಿದ್ದ. ತನ್ನ ಚೆಂದದ ಊರಿನ ಮೈತುಂಬ ಕಜ್ಜಿಯ ಹಾಗೆ ಚೀಟಿ. ಆಜ್ಞೆ ಹೊರಟಿತು. ಬೊಂಬೆಗೊಂದೇ ಚೀಟಿ. ಚೀಟಿಗೆ ಮೂರೇ ಪದ. ಅಂಟಿಸಿದ್ದನ್ನು ಕೀಳಬಾರದು. ಕಿತ್ತರೆ ಮಣ್ಣು ಕಿತ್ತು ಬರುತ್ತದೆ ಅನ್ನುವುದು ರಾಜನ ಸಂಕಟ. ಸಂಕಟ ಸುಳ್ಳೂ ಆಗಿರಲಿಲ್ಲ. ಯಾರೋ ಆಡಿನ ಬೊಂಬೆಯ ಚೀಟಿ ಕಿತ್ತಿದ್ದಕ್ಕೆ ಕಾಲೂ ಜೊತೆಗೆ ಬಂದಿತ್ತು. ಆ ಆಡು ಅವತ್ತಿನಿಂದ ಮೂರು ಕಾಲಿನಲ್ಲೇ ಹುಟ್ಟುತ್ತಿತ್ತು.

ಇಂಥ ಊರಿನಲ್ಲಿ ಜನ ಹೇಗೆ ಬಾಳಿದರು ಅಂತೀರಾ? ಬಾಳಿದರು. ನೀವು ಬಾಳುತ್ತಿಲ್ಲವೇ? ಆರು ದಿನ ತೇಪೆ ಹಾಕುತ್ತಿದ್ದರು, ಏಳನೆಯ ದಿನ ತೇಪೆ ಹೋಗುತ್ತಿತ್ತು. ಮೂಗಯ್ಯ ತನ್ನ ಕ್ಷೌರದ ಪೆಟ್ಟಿಗೆ ಇಡಲು ಗೋಡೆಯಲ್ಲಿ ಒಂದು ಗೂಡು ಕೊರೆದ. ಸೋಮವಾರ ಗೋಡೆ ನುಣ್ಣಗೆ ಬಂತು. ಮತ್ತೆ ಕೊರೆದ. ಮತ್ತೆ ನುಣ್ಣಗೆ. ಎಂಟು ವಾರ ಕೊರೆದ, ಕೊರೆಯುವಾಗೆಲ್ಲ ಸಿಳ್ಳೆ ಹಾಕುತ್ತಿದ್ದ. ಒಂಬತ್ತನೆಯ ವಾರ ಚಿಕ್ಕೀರಮ್ಮನಿಗೆ ಒಂದು ಉಪಾಯ ಹೊಳೆಯಿತು. ಜಗಲಿಯಲ್ಲೇ ಬಾಳುತ್ತಿದ್ದುದರಿಂದ ಅವಳ ಮನೆಗೆ ಬಾಗಿಲಿನ ಚೀಟಿ ಬೇಕಾಗಿರಲಿಲ್ಲ; ಚೀಟಿಯಿಲ್ಲದ ಆ ಬೊಂಬೆ ಮನೆಗೆ ಮೂರು ಪದದ ಚೀಟಿ ಅಂಟಿಸಿದಳು.

"ಇದ್ದ ಹಾಗೇ ಇರಲಿ."

ಸೋಮವಾರ ಸೀನು ಬಂತು, ಹೋಯಿತು. ಕಣ್ಣು ಬಿಟ್ಟರೆ ಗೂಡು ಗೋಡೆಯಲ್ಲೇ ಇದೆ. ಊರಿಗೆ ಊರೇ ಆ ಚೀಟಿಗೆ ಸಾಲುಗಟ್ಟಿತು. ಆದರೆ ಅವರ ಬೊಂಬೆಗಳಿಗೆಲ್ಲ ಆಗಲೇ ಚೀಟಿ ಬಿದ್ದಿತ್ತಲ್ಲ. ಬೈದುಕೊಂಡು ಮನೆಗೆ ಹೋದರು.

ಚಿಕ್ಕೀರಮ್ಮನ ಹಿಗ್ಗು ಹದಿನೈದು ದಿನ. ಮೂಗಯ್ಯನ ಬೊಂಬೆಯ ಚೀಟಿಯನ್ನು ಜಿರಲೆ ತಿಂದಿತು, ಹುಣಸೆ ಅಂಟು ಅದಕ್ಕೆ ರುಚಿ. ಮಾಡಪ್ಪ ತಾನು ಹಿಂದೆ ಓದಿದ್ದ ಚೀಟಿ ಈಗಿಲ್ಲದ ಬೊಂಬೆ ನೋಡಿದ, ಅದರಲ್ಲಿದ್ದುದೆಲ್ಲ ಹೋಯಿತು ಅಂತ ಬರೀ ಒಬ್ಬ ಆಳನ್ನು ಮಾಡಿದ. ಜಗಲಿಯ ಮೇಲೆ ಮೂಗಯ್ಯನ ಎತ್ತರದ, ಮೂಗಯ್ಯನ ಬಣ್ಣದ ಒಂದು ಆಳು ಕೂತಿತ್ತು. ರೆಪ್ಪೆ ಹೊಡೆಯಲಿಲ್ಲ. ಅನ್ನ ಬಾಯಿಗಿಟ್ಟರೆ ಅನ್ನ ಬಾಯಲ್ಲೇ ಇತ್ತು. ಚಿಕ್ಕೀರಮ್ಮ ಅಂಟಿಗೆ ಬೇವಿನ ರಸ ಬೆರೆಸಿದಳು, ಇನ್ನು ಯಾವ ಹುಳವೂ ಬಾಯಿ ಹಾಕಬಾರದು ಅಂತ. ಹೊಸ ಚೀಟಿ ಬರೆಯಲು ಕೂತಳು. ಮೂರು ಪದದಲ್ಲಿ ಗಂಡನನ್ನು ಬರೆಯಬೇಕು. ಇದ್ದ ಹಾಗೇ ಇರಲಿ ಅಂತ ಬರೆಯುವ ಹಾಗಿರಲಿಲ್ಲ, ಇದ್ದದ್ದು ರೆಪ್ಪೆ ಹೊಡೆಯದ ಆಳು. ಕೊನೆಗೆ ಬರೆದಳು: "ಮೂಗಯ್ಯ. ಕ್ಷೌರ ಮಾಡುತ್ತಾನೆ."

ಮೂಗಯ್ಯ ವಾಪಸ್ಸು ಬಂದ. ಕ್ಷೌರ ಮಾಡಿದ. ಅದನ್ನೇ ಮಾಡಿದ. ಪಡುವಣ ಬಾಗಿಲ ಬಳಿ ಅವನ ಕ್ಷೌರದ ಕಟ್ಟೆ, ಅವನ ಬೊಂಬೆಯನ್ನೂ ಅಲ್ಲಿಗೇ ಸರಿಸಿದ್ದರು. ತಲೆಗಳು ಮುಗಿದ ಮೇಲೆ ನಾಯಿ ಬೋಳಿಸಿದ, ಬೆಕ್ಕು ಬೋಳಿಸಿದ, ತೆಂಗಿನಕಾಯಿ ಬೋಳಿಸಿದ, ಪೊರಕೆ ಬೋಳಿಸಿದ. ಸಿಳ್ಳೆ ಮಾತ್ರ ಹಾಕಲಿಲ್ಲ. ಚೀಟಿಯಲ್ಲಿ ಅದು ಇರಲಿಲ್ಲ.

ಆ ಹೊತ್ತಿಗೆ ಚಿಕ್ಕೀರಮ್ಮ ಬಸುರಿ. ಗೂಡು ಕೊರೆಯುವ ಕಾಲದ ಬಸಿರು.

ಒಂದು ಮಂಗಳವಾರ ಹೆಣ್ಣುಕೂಸು ಹುಟ್ಟಿತು. ಕೆಂಪು ಕೆಂಪಾಗಿತ್ತು, ಕೆಂಚಿ ಅಂತ ಕರೆದಳು. ನೆರೆಯವರು ಬಂದು ಹೆಸರಿಡಬೇಡ ತಾಯಿ ಅಂತ ಬೇಡಿಕೊಂಡರು. ಹಲಗೆ ಮಾಡಿದ ಮೇಲೆ ಆ ಊರಿನಲ್ಲಿ ಏಳು ಕೂಸು ಹುಟ್ಟಿದ್ದವು. ಏಳಕ್ಕೂ ಬೊಂಬೆ ಇರಲಿಲ್ಲ. ಏಳರಲ್ಲಿ ಒಂದೂ ಸೋಮವಾರ ದಾಟಿರಲಿಲ್ಲ. ಸೀನು ಬರುವಾಗ ಮಡಿಲಲ್ಲಿ ಇರುತ್ತಿತ್ತು, ಸೀನು ಹೋದಾಗ ಮಡಿಲು ಬರಿದಾಗಿರುತ್ತಿತ್ತು.

ಬಾಣಂತಿ ಮೂರನೆಯ ದಿನವೇ ಎದ್ದು ಅರಮನೆಗೆ ಹೋದಳು. ಒಂದು ಬೊಂಬೆಗೆ ಜಾಗ ಕೊಡಿ ಅಂದಳು. ರಾಜ ಹಲಗೆ ಅಳೆದ. ಎಲ್ಲೂ ಸಂದಿಲ್ಲ. ಅವಳು ಹಾಗಾದರೆ ಇನ್ನು ಚೀಟಿ ಬರೆಯುವುದಿಲ್ಲ ಅಂದಳು. ರಾಜ ಯೋಚಿಸಿದ, ಮತ್ತೆ ಅಳೆದ, ಕೊನೆಗೆ ಪೆಟ್ಟಿಗೆ ತೆಗೆದು ಕಡಲೆಕಾಳಿನಷ್ಟು ಜೇಡಿಮಣ್ಣು ಹಾಕಿದ.

"ಕೆರೆಯ ಮಣ್ಣು ಇನ್ನು ಇಷ್ಟೇ ಉಳಿದಿರೋದು," ಅಂದ. "ಒಂದು ಬೊಂಬೆ ಇಡು. ಆದರೆ ಒಂದು ತೆಗೆದು ಒಂದು ಇಡಬೇಕು. ಎಣಿಕೆ ಕೆಡಬಾರದು."

"ಯಾರನ್ನು ತೆಗೀಲಿ ಮಹಾಸ್ವಾಮಿ?"

"ಅದು ನಿನ್ನ ಮನೆ ವಿಚಾರ. ನಾನ್ಯಾಕೆ ಬಾಯಿ ಹಾಕಲಿ?"

ನೋಡಿ, ಎಷ್ಟು ಒಳ್ಳೆಯ ರಾಜ. ಮನೆ ವಿಚಾರಕ್ಕೆ ಬಾಯಿ ಹಾಕುತ್ತಿರಲಿಲ್ಲ.

ತನ್ನ ಬೊಂಬೆಯನ್ನೇ ತೆಗೆದರೆ ಕೂಸಿಗೆ ಮೊಲೆ ಇಲ್ಲ. ಭಾನುವಾರ ಚಿಕ್ಕೀರಮ್ಮ ಕೂಸನ್ನು ಎತ್ತಿಕೊಂಡು ಪಡುವಣ ಬಾಗಿಲಿಗೆ ನಡೆದಳು. ಮೂಗಯ್ಯ ಒಂದು ಹಲಸಿನಹಣ್ಣನ್ನು ಬೋಳಿಸುತ್ತಿದ್ದ. ಅವನ ಮುಂದೆ ಕೂತು ಎಲ್ಲ ಹೇಳಿದಳು. ಮಣ್ಣು, ಎಣಿಕೆ, ಸೋಮವಾರ, ಎಲ್ಲ. ಅವನು ಹಲಸಿನಹಣ್ಣು ಮುಗಿಸಿದ.

"ಅವಳ ತಲೆ ಇತ್ತ ತಾ," ಅಂದ.

ಆರು ದಿನದ ಕೂಸಿಗೆ ಯಾರೂ ಜವಳ ತೆಗೆಯುವುದಿಲ್ಲ. ಆದರೆ ಆ ಊರಿನಲ್ಲಿ ಕೂಸಿಗೆ ಎಂಟನೆಯ ದಿನ ಅನ್ನುವುದೇ ಇರಲಿಲ್ಲ. ಸೋದರಮಾವ ಇಲ್ಲ, ಆರತಿ ಇಲ್ಲ. ತಾಯಿಯೇ ತೊಡೆಯ ಮೇಲೆ ಇಟ್ಟುಕೊಂಡಳು. ಅಪ್ಪ ಕತ್ತಿ ಮಸೆದು, ನೀರು ಚಿಮುಕಿಸಿ, ನೆತ್ತಿ ಮಿಡಿಯುವಲ್ಲಿ ಕತ್ತಿ ಎತ್ತಿ ಎತ್ತಿ ಇಟ್ಟು ಜವಳ ತೆಗೆದ. ಒಂದು ಗೀರೂ ಬೀಳಲಿಲ್ಲ. ಆಮೇಲೆ, ಚೀಟಿ ಬಿದ್ದ ಮೇಲೆ ಅದೇ ಮೊದಲ ಸಲ, ಕತ್ತಿ ಕೆಳಗಿಟ್ಟ.

"ಹೂಂ, ಮಾಡೇ," ಅಂದ. ಚೀಟಿಯಲ್ಲಿ ಆ ಮಾತಿರಲಿಲ್ಲ. ಎಲ್ಲಿಂದ ತಂದನೋ.

ಕಡಲೆಕಾಳಿನಷ್ಟು ಮಣ್ಣಿನಲ್ಲಿ ಚಿಕ್ಕೀರಮ್ಮ ಒಂದು ಕೂಸು ಮಾಡಿದಳು. ಮೂಗಯ್ಯನ ಬೊಂಬೆ ತೆಗೆದು ಅದೇ ಕಟ್ಟೆಯ ಮೇಲೆ ಕೂಸನ್ನಿಟ್ಟಳು. ಚೀಟಿ ಬರೆಯಬೇಕು. ಈ ಸಲ ಅವಳು ಯೋಚಿಸಲೇ ಇಲ್ಲ. ಗಂಡನನ್ನು ಪದದಲ್ಲಿ ಹಿಡಿಯಲು ಹೋಗಿ ಕೆಟ್ಟಿದ್ದಳು, ಗೋಡೆಯ ಚೀಟಿ ಮಾತ್ರ ಕೈಕೊಟ್ಟಿರಲಿಲ್ಲ. ಗೋಡೆಗೆ ಬರೆದದ್ದನ್ನೇ ಮಗಳಿಗೂ ಬರೆದಳು. ಬೇವು ಬೆರೆಸಿದ ಅಂಟಿನಲ್ಲಿ ಗಟ್ಟಿಯಾಗಿ ಒತ್ತಿದಳು.

"ಇದ್ದ ಹಾಗೇ ಇರಲಿ."

ಸೋಮವಾರ ಸೀನು ಬಂತು. ಚಿಕ್ಕೀರಮ್ಮ ತನ್ನ ಜಗಲಿಯಲ್ಲಿ ಕಣ್ಣು ಬಿಟ್ಟಳು, ಊರು ದಾಟಿ ಓಡಿದಳು. ಪಡುವಣ ಬಾಗಿಲಲ್ಲಿ ಬರೀ ಕಟ್ಟೆ. ಕಟ್ಟೆಯ ಮೇಲೆ ಬೋಳುತಲೆಯ ಕೂಸು, ಬಿಸಿಲಿಗೆ ಮುಖ ಕಿವುಚಿ ಅಳುತ್ತಿತ್ತು. ಆ ಊರಿನಲ್ಲಿ ಸೋಮವಾರ ದಾಟಿದ ಮೊದಲ ಕೂಸು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನೋಡಿದರು.

ಬುಧವಾರ ಕೂಸಿನ ಹೊಕ್ಕುಳಬಳ್ಳಿ ಉದುರಿತು. ಚಿಕ್ಕೀರಮ್ಮ ಅದನ್ನು ಕಲ್ಲುಮಂಟಪದ ಒಂದು ಬಿರುಕಿನಲ್ಲಿ ಬಚ್ಚಿಟ್ಟಳು. ಮುಂದಿನ ಸೋಮವಾರ ಕೂಸಿಗೆ ಹೊಕ್ಕುಳಬಳ್ಳಿ ಮತ್ತೆ ಇತ್ತು. ಬುಧವಾರ ಮತ್ತೆ ಉದುರಿತು. ಸೋಮವಾರ ಮತ್ತೆ ಬಂತು.

ಗೋಡೆ ಬೆಳೆಯುವುದಿಲ್ಲ ನೋಡಿ, ಹಾಗಾಗಿ ಗೋಡೆಯಲ್ಲಿ ಅದು ತಿಳಿದಿರಲಿಲ್ಲ. ಚೀಟಿ ಅಂಟಿಸಿದ ಗಳಿಗೆಯಲ್ಲಿ ಹೇಗಿತ್ತೋ ಹಾಗೇ. ಆರು ದಿನದ ಕೂಸು. ವಾರವೆಲ್ಲ ಸಾಕಿದರೆ ಹದಿಮೂರು ದಿನದ್ದಾಗುತ್ತಿತ್ತು, ಸೀನು ಬಂದರೆ ಆರು ದಿನದ್ದು. ತಾಯಿಯ ಮುಖ ನೋಡಿ ನಗಲು ಕೂಸಿಗೆ ನಲವತ್ತು ದಿನ ಬೇಕು. ಆ ಊರಿನಲ್ಲಿ ನಲವತ್ತು ದಿನ ಎಲ್ಲಿಂದ ತರುವುದು?

ಚೀಟಿ ಕೀಳುವ ಹಾಗಿಲ್ಲ. ಅದನ್ನು ಕೂಸಿನ ಬೊಂಬೆಯ ಮುಖದ ಮೇಲೇ ಅಂಟಿಸಿದ್ದಳು, ಅಷ್ಟು ಚಿಕ್ಕ ಬೊಂಬೆಗೆ ಬೇರೆ ಜಾಗವಿರಲಿಲ್ಲ. ಕಿತ್ತರೆ ಮುಖ ಬರುತ್ತದೆ. ಜಿರಲೆ ತಿಂದೀತೇ ಅಂತ ಹಿಡಿದು ತಂದು ಬಿಟ್ಟಳು. ಜಿರಲೆ ಮೂಸಿ ನೋಡಿತು.

"ಕಹಿ," ಅಂತ ಹೇಳಿ ಹೊರಟುಹೋಯಿತು.

ವರ್ಷ ಒಂಬತ್ತಾಯಿತು. ಚಿಕ್ಕೀರಮ್ಮನ ಚೀಟಿಯಲ್ಲಿ "ಚಿಕ್ಕೀರಮ್ಮ. ಚೀಟಿ ಬರೆಯುತ್ತಾಳೆ" ಅಂತಷ್ಟೇ ಇತ್ತು, ಆದರೆ ಅದನ್ನು ಜಿರಲೆ ತಿಂದಿರಲಿಲ್ಲ, ಹಾಗಾಗಿ ಅವಳು ಅವಳಾಗೇ ಇದ್ದಳು. ವಯಸ್ಸಿನ ಮಾತಿಲ್ಲದ ಕಡೆ ಮಾಡಪ್ಪ ವಯಸ್ಸಿಗೆ ಅದರ ದಾರಿ ಬಿಡುತ್ತಿದ್ದ. ಅವಳ ಮಂಡಿ ಹೋಯಿತು, ಎದೆ ಬತ್ತಿತು. ಹಸು ಹಾಲು ಕೊಡುತ್ತಿತ್ತು, ಅದಕ್ಕೆ ಬೇರೆ ಏನು ಗೊತ್ತು? ಆದರೆ ಕೂಸಿನ ಬೊಂಬೆಯನ್ನು ಜಗಲಿಗೆ ತರಲು ಅಲ್ಲಿ ಸಂದಿಲ್ಲ ಅಂತ ರಾಜ ಬಿಡಲಿಲ್ಲ, ಪ್ರತಿ ಸೋಮವಾರ ಊರು ದಾಟಿ ಕಟ್ಟೆಗೆ ಓಡಬೇಕು. ಒಂದು ಸೋಮವಾರ ಅವಳು ಮುಟ್ಟುವಷ್ಟರಲ್ಲಿ ಹದ್ದು ಮುಟ್ಟಿತ್ತು. ಏಳು ದಿನ ಕಾದಳು. ಸೋಮವಾರ ಕೂಸು ಕಟ್ಟೆಯ ಮೇಲೆ ಮತ್ತೆ ಬಂತು, ಏನೂ ಆಗದ ಹಾಗೆ ಅತ್ತಿತು. ಎರಡನೆಯ ಸಲವೂ ಹದ್ದು. ಮೂರನೆಯ ಸಲ ಹದ್ದು ಮೊದಲೇ ಬಂದು ಕಟ್ಟೆಯ ಮೇಲೆ ಕೂತು ಕಾಯುತ್ತಿತ್ತು.

ಮೂರನೆಯ ಸಲದ ಮರುವಾರ, ಸೋಮವಾರ ಬೆಳಿಗ್ಗೆ, ರಾಜ ಸ್ನಾನಕ್ಕೆ ಹೋಗಿದ್ದಾಗ, ಚಿಕ್ಕೀರಮ್ಮ ಒಂದು ಚೀಟಿ ಬರೆದು ಮಂಟಪಕ್ಕೆ ಹೋದಳು. ಇಡೀ ಹಲಗೆಯಲ್ಲಿ ಚೀಟಿ ಇಲ್ಲದ ಬೊಂಬೆ ಒಂದೇ ಉಳಿದಿತ್ತು. ಮಾಡಪ್ಪನದ್ದು. ಅವನ ಬೆನ್ನಿಗೆ ಒತ್ತಿದಳು. "ಮಾಡಪ್ಪ. ಮಾಡುವುದಿಲ್ಲ."

ಅವಳೇನು ದಡ್ಡಿಯಲ್ಲ. ನಡುವೆ ತನ್ನನ್ನು ಮಾಡಿಕೊಂಡು ನಿಂತುಬಿಟ್ಟರೆ ಅರ್ಧ ಊರು ಬೂದಿಯಲ್ಲೇ ಉಳಿಯುತ್ತದೆ ಅಂತ ತಿಳಿದಿತ್ತು. ಆದ್ದರಿಂದ ಅವನ ಬೊಂಬೆಯನ್ನು ಎತ್ತಿ ಹಲಗೆಯ ಪಡುವಣ ತುದಿಯಲ್ಲಿ ಇಟ್ಟಳು. ಎಲ್ಲರೂ ಆದ ಮೇಲೆ ಅವನು. ಎಲ್ಲರೂ ಉಳಿಯುತ್ತಾರೆ, ಕೆಂಚಿ ಕಟ್ಟೆಯ ಮೇಲೆ ಕೊನೆಯ ಸಲ ಹುಟ್ಟುತ್ತಾಳೆ, ಆಮೇಲೆ ಸೋಮವಾರವೇ ಇಲ್ಲ. ಹದ್ದಿಗೆ ಅಂತ ಒಂದು ದೊಣ್ಣೆ ಆರಿಸಿಟ್ಟು ಬಂದಿದ್ದಳು.

ಎಷ್ಟು ಚೆಂದದ ಉಪಾಯ. ಇಲ್ಲಿಗೇ ಕತೆ ಮುಗಿಸಿದರೆ ನಿಮಗೆ ನಿದ್ದೆ ಬರುತ್ತಿತ್ತು.

ಮಧ್ಯಾಹ್ನಕ್ಕೆ ಇನ್ನು ಚೂರು ಹೊತ್ತಿದೆ ಅನ್ನುವಾಗ ರಾಜ ಅಳತೆಕಡ್ಡಿ ಹಿಡಿದು ಬಂದ. ಹಲಗೆ ನೋಡಿದ, ಮುಖ ಬೆಳ್ಳಗಾಯಿತು.

"ಇವನನ್ನು ಸರಿಸಿದವರು ಯಾರು?"

ರಾಜ ಮಾಡಪ್ಪನ ಬೊಂಬೆ ಎತ್ತಿ ಅರಮನೆಯ ಮುಂದೆ, ಹಳೆಯ ಜಾಗದಲ್ಲಿ, ಕೂದಲೆಳೆಯ ವ್ಯತ್ಯಾಸವಿಲ್ಲದೆ ಇಟ್ಟ. ಬೆನ್ನಿನ ಚೀಟಿ ಕಣ್ಣಿಗೆ ಬಿತ್ತು.

"ಇವನಿಗೂ ಚೀಟಿಯೇನು?"

"ಅವನೊಬ್ಬನಿಗೇ ಇರಲಿಲ್ಲ, ಮಹಾಸ್ವಾಮಿ."

"ಎಷ್ಟು ಪದ?"

"ಎರಡು."

"ಮೂರರ ಒಳಗಿದೆ. ಇರಲಿ," ಅಂದ ರಾಜ. ಆಮೇಲೆ ತನ್ನ ಬೊಂಬೆ ಅಳೆದ. ಅದು ಮಾಡಪ್ಪನಿಂದ ಒಂದು ಅಕ್ಕಿಕಾಳಿನಷ್ಟು ಪಡುವಣಕ್ಕೆ ಇತ್ತು. ಯಾವತ್ತೂ ಅಷ್ಟೇ ಇತ್ತು. ರಾಜನಿಗೆ ಸಮಾಧಾನವಾಯಿತು.

ಮಾಡಪ್ಪನ ಕಣ್ಣು ಆಗಲೇ ಹಲಗೆಯ ಕಡೆ ತಿರುಗುತ್ತಿತ್ತು. ಇನ್ನು ಒಂದೇ ಒಂದು ಕೆಲಸಕ್ಕೆ ಹೊತ್ತಿತ್ತು. ಅವಳು ಮಾಡಪ್ಪನ ಬೆನ್ನಿನ ಚೀಟಿ ಕೀಳಬಹುದಿತ್ತು. ಅಂಟು ಇನ್ನೂ ಹಸಿ, ಬಂದುಬಿಡುತ್ತಿತ್ತು. ಕಿತ್ತರೆ ಊರೆಲ್ಲ ಉಳಿಯುತ್ತದೆ, ಎಲ್ಲ ಇದ್ದ ಹಾಗೇ ಇರುತ್ತದೆ. ಕಟ್ಟೆ, ಕೂಸು, ಹದ್ದು. ಇಲ್ಲವೇ ಪಡುವಣದಲ್ಲಿರುವ ಮಗಳ ಬೊಂಬೆಯನ್ನು ಮೂಡಣಕ್ಕೆ ತರಬಹುದಿತ್ತು, ಅಲ್ಲಿ ಒಂದು ತೆಗೆದರೆ ಮಾತ್ರ.

ಚಿಕ್ಕೀರಮ್ಮನ ಕೈ ಚೀಟಿಯ ತನಕ ಹೋಯಿತು. ಅಲ್ಲಿ ನಿಂತಿತು. ಆಮೇಲೆ ಕಟ್ಟೆಯ ಮೇಲಿದ್ದ ಕೂಸಿನ ಬೊಂಬೆಯನ್ನು ಎತ್ತಿತು. ಇನ್ನೊಂದು ಕೈ ಮೂಡಣ ಜಗಲಿಯ ಮೇಲಿದ್ದ ತನ್ನ ಬೊಂಬೆಯನ್ನು ತೆಗೆದು ನೆಲಕ್ಕೆ ಹಾಕಿತು. ಕೂಸು ಜಗಲಿಯ ಮೇಲೆ ಕೂತಿತು.

"ಒಂದು ತೆಗೆದು ಒಂದು ಇಟ್ಟಳು," ಅಂದ ರಾಜ, ತಲೆದೂಗಿ. "ಜಗಲಿಯ ಎಣಿಕೆ ಸರಿಯಿದೆ."

ಸೀನು ಬಂತು.

ಮಾಡಪ್ಪ ಮೂಡಣದಿಂದ ಮಾಡುತ್ತಾ ಬಂದ. ಕೋಟೆಯ ಬಾಗಿಲು, ಗೂಡಿರುವ ಮನೆ, ಜಗಲಿ, ಜಗಲಿಯ ಮೇಲೆ ಬೋಳುತಲೆಯ ಕೂಸು, ಹಿತ್ತಲಲ್ಲಿ ಹಸು, ಬಾವಿ, ಮೂರು ಕಾಲಿನ ಆಡು. ಅರಮನೆಯ ಮುಂದಕ್ಕೆ ಬಂದ. ತನ್ನ ಚೀಟಿ ಓದಿದ, ತನ್ನನ್ನು ಮಾಡಿಕೊಂಡ. ಹಳೆಯವನು ಉದುರಿದ. ಹೊಸಬ ಹಲಗೆಯ ಉಳಿದ ಅರ್ಧ ನೋಡಿದ. ನಲವತ್ತು ಕೈಗಳನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತ.

ರಾಜ ಒಂದು ಅಕ್ಕಿಕಾಳಿನಷ್ಟು ದೂರದಲ್ಲಿ ಬೂದಿಯಾಗಿ ಉಳಿದ. ಅವನ ಜೊತೆ ನೂರಾ ಎಪ್ಪತ್ತಮೂರು ಜನ, ಹದ್ದು ಒಂದು. ಸಂಜೆ ಗಾಳಿ ಬಂತು, ಯಾವ ಬೂದಿ ಯಾರದ್ದು ಅಂತ ಕೇಳದೆ ಎಲ್ಲವನ್ನೂ ಒಯ್ದಿತು.

ಮುಂದಿನ ಸೋಮವಾರ ಬಂತು, ಸೀನು ಬರಲಿಲ್ಲ. ಅವತ್ತಿನಿಂದ ಆ ಊರಿನಲ್ಲಿ ಸತ್ತವರು ಸತ್ತೇಹೋದರು. ಹಸುವಿನ ಹಾಲು ಒಂಬತ್ತನೆಯ ದಿನ ತಾನಾಗಿ ನಿಂತಿತು. ಅದು ಎರಡು ದಿನ ಮಲಗಿ ನಿದ್ದೆ ಮಾಡಿತು, ಎದ್ದ ಮೇಲೆ ಎಲ್ಲ ಹಸುಗಳ ಹಾಗೆ ಹೊತ್ತಿಗೆ ಸರಿಯಾಗಿ ಕೊಟ್ಟಿತು. ಕೂಸನ್ನು ಸಾಕಿದ್ದು ಅದೇ. ನಲವತ್ತನೆಯ ದಿನ ಕೆಂಚಿ ನಕ್ಕಳು. ಹಸುವಿನ ಮುಖ ನೋಡಿ ನಕ್ಕಳು, ಎದುರಿಗೆ ಇದ್ದದ್ದು ಅದೇ ಮುಖ. ತಲೆಯಲ್ಲಿ ಕೂದಲು ಬಂತು. ಗೋಡೆಯಲ್ಲಿ ಬಿರುಕು ಬಂತು, ಮೆಟ್ಟಿಲಿಗೆ ಪಾಚಿ ಬಂತು, ಯಾರೂ ಅಳೆಯಲಿಲ್ಲ. ಓದು ಕಲಿಸಿದ್ದೂ ಹಸುವೇ. ಅಷ್ಟು ವರ್ಷ ತನ್ನ ಚೀಟಿಯನ್ನೇ ನೋಡುತ್ತಾ ನಿಂತಿತ್ತಲ್ಲ.

ಎಂಟು ವರ್ಷದವಳಾದಾಗ ಕೆಂಚಿ ಆಡುತ್ತಾ ಆಡುತ್ತಾ ಕಲ್ಲುಮಂಟಪಕ್ಕೆ ಹೋದಳು. ಅಲ್ಲಿ ಒಂದು ಬಿರುಕಿನ ತುಂಬ ಒಣಗಿದ ದಾರದ ಚೂರುಗಳಂಥವು ಸಿಕ್ಕವು. ನಾನೂರು ಎಣಿಸಿ ಬೇಸರ ಬಂದು ಬಿಟ್ಟಳು. ನೆಲದ ಮೇಲೆ ಒಂದು ಬೊಂಬೆ ಬಿದ್ದಿತ್ತು. ಹೆಂಗಸಿನದು, ಒಂದು ಮಂಡಿ ಸವೆದಿತ್ತು. ಚೀಟಿ ಓದಿದಳು. ಮನೆಗೆ ತಂದು ಹಸುವಿಗೆ ತೋರಿಸಿದಳು.

"ಚಿಕ್ಕೀರಮ್ಮ ಅಂದ್ರೆ ಯಾರು?"

ಹಸು ಬಹಳ ಹೊತ್ತು ಮೆಲುಕು ಹಾಕಿತು. ಆಮೇಲೆ ಎಲ್ಲ ಹೇಳಿತು.

ಕೆಂಚಿ ಎದ್ದು ಬೊಂಬೆ ಹಿಡಿದುಕೊಂಡು ಅರಮನೆಯ ಮುಂದಕ್ಕೆ ಓಡಿದಳು. ಮಾಡಪ್ಪ ಕೂತೇ ಇದ್ದ. ಅವನ ಬೆರಳುಗಳ ನಡುವೆ ಕಾಗೆ ಗೂಡು ಕಟ್ಟಿತ್ತು. ಅವಳು ಅವನ ಮಡಿಲು ಹತ್ತಿ, ನಲವತ್ತು ಕೈಗಳಲ್ಲಿ ಹತ್ತಿರದ ಒಂದು ಕೈ ಬಿಡಿಸಿ, ಅಂಗೈಯ ಮೇಲೆ ಬೊಂಬೆಯನ್ನು ನಿಲ್ಲಿಸಿದಳು. ಚೀಟಿ ಅವನಿಗೆ ಕಾಣುವ ಹಾಗೆ ತಿರುಗಿಸಿದಳು.

"ಇವಳನ್ನು ಮಾಡು," ಅಂದಳು.

ಮಾಡಪ್ಪ ಚೀಟಿ ಓದಿದ. ಬೊಂಬೆ ನೋಡಿದ. ಹುಡುಗಿಯನ್ನು ನೋಡಿದ.

"ಮಾಡುವುದಿಲ್ಲ," ಅಂದ.

ಕೆಂಚಿ ಅವತ್ತು ಸಂಜೆಯವರೆಗೆ ಅಲ್ಲೇ ಕೂತಿದ್ದಳು. ಆಮೇಲೆ ಬೊಂಬೆಯನ್ನು ಮನೆಗೆ ತಂದು ಅಪ್ಪ ಕೊರೆದ ಗೂಡಿನಲ್ಲಿ ಇಟ್ಟಳು. ಇಟ್ಟ ಹಾಗೇ ಇದೆ.

ಕತೆಗೆ ನೀತಿ ಬೇಕಂತೆ, ತೆಗೆದುಕೊಳ್ಳಿ: ಮನೆ ಕಟ್ಟುವವರು ಮೂಡಣ ಮಗ್ಗುಲಲ್ಲಿ ಕಟ್ಟಿ. ಅಲ್ಲ, ಚಿಕ್ಕೀರಮ್ಮ ಮಾಡಿದ್ದು ತಪ್ಪು ಅನ್ನುವ ಪಡುವಣ ಕೇರಿಯವರು ಯಾರಾದರೂ ಇದ್ದರೆ ಕೈ ಎತ್ತಿ. ಯಾರೂ ಎತ್ತಲಿಲ್ಲವೇ? ಸರಿ ಹಾಗಾದರೆ. ಬೆಂಕಿ ಆರಿತು, ಬೂದಿ ಉಳಿಯಿತು, ಅದರಲ್ಲಿ ರಾಜನ ಪಾಲು ಎಷ್ಟು ಅಂತ ಅಳೆಯಬೇಡಿ. ಎಡಗಿವಿ ಇನ್ನೊಮ್ಮೆ ಮುಟ್ಟಿ ನೋಡಿಕೊಂಡು ಮನೆಗೆ ಹೋಗಿ.